ಸ್ಪಿರುಲಿನಾ ಸಾಕುವ ಕ್ರಮ: ಶಿರಸಿಯ ಅಂಗಳಕ್ಕೂ ಕುಮಟೆಯ ತಾರಸಿಗೂ

ದಸರಾ ಕಳೆದು ಬಿಸಿಲು ಮುಖ ತೋರಿಸಿದ ಕೂಡಲೇ ಶಿರಸಿ ಕಡೆಯ ಮನೆಗಳಲ್ಲಿ ಅಂಗಳದ ಪಾಚಿ ಕೆರೆಯುವ ಕೆಲಸ ಶುರುವಾಗುತ್ತದೆ. ಅಡಿಕೆ ಒಣಗಿಸಬೇಕಲ್ಲ. ಅದೇ ಹೊತ್ತಿಗೆ ನಾನು ಅಂಗಳದ ಮೂಲೆಯಲ್ಲಿ ಸಿಲ್ಪಾಲಿನ್ ಹಾಸಿ, ತೊಟ್ಟಿ ಮಾಡಿ, ಹಸಿರು ನೀರು ಸುರಿಯುತ್ತಿದ್ದೆ. ಆಚೆಮನೆ ದೊಡ್ಡಾಯಿ ನೋಡುತ್ತ ನಿಂತುಬಿಟ್ಟರು. "ಅಪೀ, ಪಾಚಿ ಜಾರ್ತು ಹೇಳಿ ನಂಗ ಬ್ಲೀಚಿಂಗ್ ಪುಡಿ ಹಾಕ್ತ್ಯ, ನೀ ಪಾಚಿನೇ ಸಾಕ್ತ್ಯನಾ?"

ಹೌದು, ಸಾಕುತ್ತೇನೆ, ಸ್ಪಿರುಲಿನಾ ಎಂಬ ತಿನ್ನುವ ಪಾಚಿಯನ್ನು. ಇದು ನಾಲ್ಕನೇ ವರ್ಷ. ಎರಡು ಸಲ ಪೂರ್ತಿ ಕೈಕೊಟ್ಟಿದೆ, ಎರಡು ಸಲ ಮನೆಮಂದಿಗೆ ಸಾಕಾಗುವಷ್ಟು ಬಂದಿದೆ. ಕೈಕೊಟ್ಟದ್ದು ಎರಡೂ ಸಲ ನೀರಿನಿಂದ. ಪಾಚಿ ತನ್ನಷ್ಟಕ್ಕೆ ಬೆಳೆಯುತ್ತದೆ, ನಾವು ಕಾಯಬೇಕಾದದ್ದು ನೀರನ್ನು. ಹಾಗಾಗಿ ಈ ಲೇಖನದಲ್ಲಿ ನೀರಿನ ಮಾತೇ ಹೆಚ್ಚು.

ಯಾವ ಪಾಚಿ, ಅದರಲ್ಲಿ ಏನಿದೆ

ಸೂಕ್ಷ್ಮ ಪಾಚಿಗಳಲ್ಲಿ ಮೂರರ ಹೆಸರು ಹೆಚ್ಚು ಕೇಳಿಬರುತ್ತದೆ. ಕ್ಲೋರೆಲ್ಲಾ ಎಂಬ ಹಸಿರು ಪಾಚಿಯಲ್ಲಿ ಕಣ್ಣಿಗೆ ಬೇಕಾದ ಲ್ಯೂಟಿನ್ ಇದೆ. ಹೆಮಟೊಕಾಕಸ್ ಮಾಮೂಲಾಗಿ ಹಸಿರು. ನೀರು ಆರಿ, ಬಿಸಿಲು ಕಾದು, ಗೊಬ್ಬರಕ್ಕೆ ಬರ ಬಂದಾಗ ಮಾತ್ರ ಅದು ತನ್ನನ್ನು ಕಾಪಾಡಿಕೊಳ್ಳಲು ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ ತುಂಬಿಕೊಳ್ಳುತ್ತದೆ. ಹಕ್ಕಿಗೆ ನೀರಿಡುವ ಬಟ್ಟಲು ಬೇಸಿಗೆಯಲ್ಲಿ ಆರಿದಾಗ ತಳದಲ್ಲಿ ಕೆಂಪು ಕಲೆ ಕಂಡರೆ ಅದು ಇದೇ ಇರಬಹುದು. ಮೂರನೆಯದು ಸ್ಪಿರುಲಿನಾ. ವಿಜ್ಞಾನಿಗಳು ಇದನ್ನು ಆರ್ತ್ರೋಸ್ಪೈರಾ ಎನ್ನುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಪಾಚಿಯೂ ಅಲ್ಲ, ಬಿಸಿಲು ಉಂಡು ಬದುಕುವ ಬ್ಯಾಕ್ಟೀರಿಯ. ಆದರೂ ಎಲ್ಲರೂ ನೀಲಿ-ಹಸಿರು ಪಾಚಿ ಅಂತಲೇ ಕರೆಯುವುದರಿಂದ ನಾವೂ ಹಾಗೇ ಕರೆಯೋಣ.

ಮನೆಯಲ್ಲಿ ಆಗುವುದು ಮೂರನೆಯದು ಮಾತ್ರ, ಅದಕ್ಕೆ ಕಾರಣ ಬಟ್ಟೆ. ಕ್ಲೋರೆಲ್ಲಾದ ಒಂದು ಕಣ ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಚಿಕ್ಕದು, ಯಾವ ಬಟ್ಟೆಯಲ್ಲೂ ನಿಲ್ಲುವುದಿಲ್ಲ. ಅದನ್ನು ನೀರಿನಿಂದ ಬೇರ್ಪಡಿಸಲು ಗಿರಗಿರನೆ ತಿರುಗಿಸುವ ಯಂತ್ರವೇ ಬೇಕು. ಸ್ಪಿರುಲಿನಾ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಎಳೆ. ಅರ್ಧ ಮಿಲಿಮೀಟರಿನಷ್ಟು ಉದ್ದ ಇರುವುದರಿಂದ ಸಣ್ಣ ಕಣ್ಣಿನ ಬಟ್ಟೆಯಲ್ಲಿ ಮೊಸರು ಕಟ್ಟಿದ ಹಾಗೆ ನಿಲ್ಲುತ್ತದೆ. ಆಫ್ರಿಕದ ಚಾಡ್ ಸರೋವರದ ದಂಡೆಯಲ್ಲಿ ಕನೆಂಬು ಹೆಂಗಸರು ಇದನ್ನು ಸೋಸಿ, ಮರಳಿನ ಮೇಲೆ ಒಣಗಿಸಿ ಬಿಲ್ಲೆ ಮಾಡುತ್ತಾರೆ. ಮೆಕ್ಸಿಕೋದ ಅಜ್ಟೆಕ್ ಜನ ಟೆಕ್ಸ್ಕೊಕೊ ಸರೋವರದಿಂದ ಬಲೆ ಹಾಕಿ ಇದನ್ನೇ ಎತ್ತುತ್ತಿದ್ದರು. ನಮ್ಮಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ.

ಒಣ ಸ್ಪಿರುಲಿನಾದಲ್ಲಿ ಶೇಕಡ 55ರಿಂದ 70ರವರೆಗೆ ಪ್ರೋಟೀನು. ಇದನ್ನು ಕೇಳಿದವರ ಕಣ್ಣು ಅರಳುತ್ತದೆ. ಆದರೆ ಲೆಕ್ಕ ಹಾಕಿ: ದಿನಕ್ಕೆ ತಿನ್ನುವುದು 3ರಿಂದ 5 ಗ್ರಾಂ. 5 ಗ್ರಾಮಿನಲ್ಲಿ ಸಿಗುವ ಪ್ರೋಟೀನು ಸುಮಾರು 3 ಗ್ರಾಂ, ಅಂದರೆ ಅರ್ಧ ಲೋಟ ಹಾಲಿನಷ್ಟು. ಪ್ರೋಟೀನಿಗಾಗಿಯೇ ತೊಟ್ಟಿ ಕಟ್ಟುವವರು ಆ ದುಡ್ಡಿಗೆ ತೊಗರಿಬೇಳೆ ತರುವುದು ಮೇಲು. ಇದರ ನಿಜವಾದ ಸರಕು ಉಳಿದದ್ದರಲ್ಲಿದೆ: ಫೈಕೊಸಯನಿನ್ ಎಂಬ ನೀಲಿ ಬಣ್ಣ, ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್, ಕಬ್ಬಿಣ, ಬೇರೆ ಆಹಾರದಲ್ಲಿ ಅಪರೂಪವಾದ ಗಾಮಾ ಲಿನೊಲೆನಿಕ್ ಆಮ್ಲ. ಸಸ್ಯಾಹಾರಿಗಳಿಗೆ ಇದರಿಂದ ಬಿ12 ಸಿಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದದ್ದನ್ನು ನಂಬಬೇಡಿ. ಇದರಲ್ಲಿರುವ ಬಹುಪಾಲು ಬಿ12 ನಮ್ಮ ಮೈಗೆ ಹತ್ತದ ಜಾತಿಯದು.

ಕೆರೆಯ ಪಾಚಿ ಮುಟ್ಟಬೇಡಿ

ಮುಂದೆ ಹೋಗುವ ಮೊದಲು ಇದೊಂದು ಮಾತು. "ಕೆರೆ ತುಂಬ ಹಸಿರು ಪಾಚಿ ಬಂದಿದೆ, ಅದನ್ನೇ ಸೋಸಿದರಾಗದೇ?" ಅಂತ ಕೇಳಿದವರಿದ್ದಾರೆ. ಆಗದು. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ತೇಲುವುದು ಎಷ್ಟೋ ಸಲ ಮೈಕ್ರೊಸಿಸ್ಟಿಸ್ ಎಂಬ ಪಾಚಿ. ಅದರ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಅಂಥ ನೀರು ಕುಡಿದು ದನಗಳು ಸತ್ತದ್ದಿದೆ. ಸ್ಪಿರುಲಿನಾದ ತಾಯಿಬೀಜವನ್ನು ಪಾಚಿ ಸಾಕುವ ಸಂಶೋಧನಾ ಸಂಸ್ಥೆಯಿಂದಲೋ ವರ್ಷಗಟ್ಟಲೆ ಸಾಕುತ್ತಿರುವವರಿಂದಲೋ ತನ್ನಿ. ತಂದ ಮೇಲೆ ಹತ್ತಿರದ ಹೈಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ ಒಂದು ಹನಿ ಇಟ್ಟು ನೋಡಿ. ಸ್ಪ್ರಿಂಗಿನಂಥ ಸುರುಳಿ ಮಾತ್ರ ಕಾಣಬೇಕು. ದುಂಡು ಹಸಿರು ಚುಕ್ಕೆಗಳು ತುಂಬಿದ್ದರೆ ಆ ಬೀಜ ಬೇಡ.

ಯಾವ ತಿಂಗಳಲ್ಲಿ

ಇದಕ್ಕೆ ಹಿಡಿಸುವ ನೀರಿನ ಬಿಸಿ 30ರಿಂದ 35 ಡಿಗ್ರಿ. 20ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ನಿಂತಂತೆಯೇ, 40ರ ಹತ್ತಿರ ಹೋದರೆ ಸಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೂ ಕೆಳಗೂ ಬಿಸಿಲಿಲ್ಲ, ಆ ನಾಲ್ಕು ತಿಂಗಳು ಬಿಟ್ಟೇಬಿಡಿ.

ಉಳಿದ ಎಂಟು ತಿಂಗಳಲ್ಲಿ ಕಾರವಾರ, ಕುಮಟೆ, ಹೊನ್ನಾವರದವರು ನಮಗಿಂತ ಪುಣ್ಯವಂತರು. ಕರಾವಳಿಯಲ್ಲಿ ಡಿಸೆಂಬರಿನ ರಾತ್ರಿಯೂ ಬೆಚ್ಚಗೇ ಇರುತ್ತದೆ. ಕುಮಟೆಯಲ್ಲಿರುವ ನಮ್ಮಕ್ಕ ನವೆಂಬರಿನಲ್ಲಿ ತಾರಸಿ ಮೇಲೆ ಶುರು ಮಾಡಿದರೆ ಮೇ ತಿಂಗಳವರೆಗೂ ನಿಲ್ಲಿಸುವುದಿಲ್ಲ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಲೆಕ್ಕ ಬೇರೆ. ಅಕ್ಟೋಬರ್ ಕೊನೆಯಿಂದ ಒಂದೂವರೆ ತಿಂಗಳು ಚೆನ್ನ, ಆಮೇಲೆ ಚಳಿಗೆ ಮಂಕು. ಮಾರಿಕಾಂಬಾ ಜಾತ್ರೆ ಬರುವ ಹೊತ್ತಿಗೆ, ಅಂದರೆ ಫೆಬ್ರವರಿ-ಮಾರ್ಚಿನಲ್ಲಿ, ಮತ್ತೆ ಚಿಗುರುತ್ತದೆ.

ಚಳಿಗಿಂತ ಹೆಚ್ಚು ಅಪಾಯ ಚಳಿಯ ನೀರಿನ ಮೇಲೆ ಬೀಳುವ ಬಿಸಿಲು. ಜನವರಿಯ ಬೆಳಿಗ್ಗೆ ಒಂಬತ್ತಕ್ಕೆ ನೀರು ಮಂಜಿನಷ್ಟು ತಣ್ಣಗೆ, ಬಿಸಿಲು ಮಾತ್ರ ಚುರುಚುರು. ಬಿದ್ದ ಬೆಳಕನ್ನು ತಣ್ಣಗಿನ ಪಾಚಿ ಅರಗಿಸಿಕೊಳ್ಳಲಾರದು, ಎರಡೇ ದಿನಕ್ಕೆ ಬಣ್ಣ ಬಿಟ್ಟು ಹಳದಿಯಾಗುತ್ತದೆ. ನೀರು ಬೆಚ್ಚಗಾಗುವವರೆಗೆ ಮೇಲೆ ಶೇಡ್‌ನೆಟ್ ಇರಲಿ. ಅದೇ ನೆಟ್ಟು ಏಪ್ರಿಲ್-ಮೇ ಮಧ್ಯಾಹ್ನಕ್ಕೂ ಬೇಕು.

ತೊಟ್ಟಿ

ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಸಾಕು. ಸುತ್ತ ಒಂದು ವರಸೆ ಕೆಂಪುಕಲ್ಲು ಇಡಿ, ಅಥವಾ ಅಡಿಕೆ ದಬ್ಬೆಯ ಚೌಕಟ್ಟು ಕಟ್ಟಿ. ಒಳಗೆ ದಪ್ಪ ಸಿಲ್ಪಾಲಿನ್ ಹಾಸಿ. ನೀರಿನ ಆಳ 15 ಸೆಂಟಿಮೀಟರ್, ಅಂದರೆ ಒಟ್ಟು 300 ಲೀಟರ್. ಆಳ ಹೆಚ್ಚು ಮಾಡಿದರೆ ಹೆಚ್ಚು ಬರುತ್ತದೆ ಅನ್ನುವುದು ತಪ್ಪು. ಪಾಚಿ ದಟ್ಟವಾದ ಮೇಲೆ ಬೆಳಕು ಕೆಲವೇ ಸೆಂಟಿಮೀಟರ್ ಇಳಿಯುತ್ತದೆ, ಕೆಳಗಿನದೆಲ್ಲ ಕತ್ತಲೆಯಲ್ಲಿ ಕೂತಿರುತ್ತದೆ. ಮೇಲೆ ಪಾರದರ್ಶಕ ಹಾಳೆಯ ಇಳಿಜಾರು ಮಾಡು ಇರಲಿ. ಏಪ್ರಿಲಿನಲ್ಲಿ ಒಂದು ಅಡ್ಡಮಳೆ ಹೊಡೆದರೆ ತೊಟ್ಟಿ ತುಂಬಿ ಚೆಲ್ಲಿ, ತಿಂಗಳ ದುಡಿಮೆ ಹೊಂಡ ಸೇರುತ್ತದೆ.

ಇಲ್ಲಿ ನನ್ನ ಮೊದಲ ಸೋಲು ಹೇಳಿಬಿಡುತ್ತೇನೆ. ಮೊದಲ ವರ್ಷ ತೊಟ್ಟಿ ಕಟ್ಟುವ ಗೋಜಿಗೆ ಹೋಗದೆ ಮನೆಯಲ್ಲಿದ್ದ 200 ಲೀಟರಿನ ಡ್ರಮ್ಮನ್ನು ಅಡ್ಡಕ್ಕೆ ಸೀಳಿ ಅದರಲ್ಲೇ ಬೀಜ ಬಿಟ್ಟೆ. ಮೂರು ಸಲ ಸೋಪು ಹಾಕಿ ತೊಳೆದಿದ್ದೆ. ಮರುದಿನ ನೀರು ಸ್ವಲ್ಪ ಮಂಕು, ಮೂರನೇ ದಿನ ಬೂದುಹಳದಿ, ಮೇಲೆ ಕೊಳೆತ ಸೊಪ್ಪಿನಂಥ ಕೆನೆ. ಮಳೆಗಾಲವಿಡೀ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಅದು ಎನ್ನುವುದು ಆಗ ನೆನಪಾಯಿತು. ಬೋರ್ಡೋಗೆ ಹಾಕುವ ಮೈಲುತುತ್ತದಲ್ಲಿರುವ ತಾಮ್ರ ಪಾಚಿಯನ್ನು ಕೊಲ್ಲುವ ವಿಷ, ಎಷ್ಟೋ ಕಡೆ ಕೆರೆಯ ಪಾಚಿ ಸಾಯಿಸಲೆಂದೇ ಅದನ್ನು ಹಾಕುತ್ತಾರೆ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಉಳಿದದ್ದೇ ಸಾಕಾಯಿತು. ಅಡಿಕೆ ಬೆಳೆಗಾರರ ಮನೆಯಲ್ಲಿ ಬೋರ್ಡೋ ಮುಟ್ಟದ ಡ್ರಮ್ಮು, ಬಕೆಟ್ಟು, ಕೋಲು ಸಿಗುವುದೇ ಕಷ್ಟ. ಪಾಚಿಯ ಸಾಮಾನೆಲ್ಲ ಹೊಸದಾಗಿ ತಂದು ಬೇರೆಯೇ ಇಡಿ. ತಾಮ್ರದ ಹಂಡೆಯ ನೀರೂ ಬೇಡ.

ನೀರು ಹದ ಮಾಡುವುದು

ಸ್ಪಿರುಲಿನಾದ ಗುಟ್ಟಿರುವುದು ಕ್ಷಾರದಲ್ಲಿ. ಅಡುಗೆ ಸೋಡಾ ಕರಗಿ ಬೇರೆ ಜೀವಿಗಳು ಬದುಕಲಾರದಂಥ ನೀರಿನಲ್ಲಿ ಇದು ಹಬ್ಬ ಮಾಡುತ್ತದೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 9.5ರಿಂದ 10.5ರ ನಡುವೆ ಇದ್ದರೆ ಕ್ಲೋರೆಲ್ಲಾ, ಬ್ಯಾಕ್ಟೀರಿಯ, ಹುಳುಗಳ ಕಾಟ ತಾನಾಗಿಯೇ ಕಡಿಮೆ. ಪ್ರಯೋಗಾಲಯದವರು ಜರೂಕ್ ದ್ರಾವಣ ಬಳಸುತ್ತಾರೆ, ಅದರಲ್ಲಿ ಲೀಟರಿಗೆ 16.8 ಗ್ರಾಂ ಸೋಡಾ. ಮನೆಮಟ್ಟಕ್ಕೆ ಅದರ ಅರ್ಧ ನಡೆಯುತ್ತದೆ.

300 ಲೀಟರಿಗೆ ನಾನು ಹಾಕುವುದು: ಸೋಡಿಯಂ ಬೈಕಾರ್ಬೊನೇಟ್ ಅಂದರೆ ಅಡುಗೆ ಸೋಡಾ 2.4 ಕೆಜಿ, ಉಪ್ಪು 1.5 ಕೆಜಿ, ಪೊಟ್ಯಾಸಿಯಂ ನೈಟ್ರೇಟ್ 600 ಗ್ರಾಂ, ಎಪ್ಸಮ್ ಉಪ್ಪು 60 ಗ್ರಾಂ, ಮೋನೋ ಅಮೋನಿಯಂ ಫಾಸ್ಫೇಟ್ 30 ಗ್ರಾಂ, ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್ 3 ಗ್ರಾಂ. ತೋಟದವರಿಗೆ ಇವೆಲ್ಲ ಪರಿಚಿತವೇ. ಪೊಟ್ಯಾಸಿಯಂ ನೈಟ್ರೇಟ್ ಅಂದರೆ ಗೊಬ್ಬರದ ಅಂಗಡಿಯ 13-0-45, ಫಾಸ್ಫೇಟ್ ಅಂದರೆ 12-61-0. ಆದರೆ ಗೊಬ್ಬರದ ಚೀಲದ್ದನ್ನು ಕೈ ಪಳಗುವವರೆಗೆ ಮಾತ್ರ ಬಳಸಿ. ಪಾಚಿ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬಾಯಿಗೆ ಹೋಗುವ ಫಸಲಿಗೆ ಆಹಾರ ದರ್ಜೆಯದೋ ಪ್ರಯೋಗಾಲಯದ್ದೋ ಬೇಕು, ದುಬಾರಿಯಾದರೂ ಸರಿ. ಉಪ್ಪು ಮಾತ್ರ ನಾನು ಸಾಣಿಕಟ್ಟೆಯ ಕಲ್ಲುಪ್ಪು ಹಾಕುತ್ತೇನೆ. ಅಯೋಡಿನ್ ಬೆರೆಸಿದ ಪುಡಿ ಉಪ್ಪಿಗಿಂತ ಅದರ ಮೇಲೆ ನನಗೆ ನಂಬಿಕೆ.

ಅನ್ನಭೇದಿಯ ವಿಷಯದಲ್ಲಿ ಒಂದು ಕಿವಿಮಾತು. ಅದನ್ನು ನೇರವಾಗಿ ಸೋಡಾ ನೀರಿಗೆ ಹಾಕಿದರೆ ಕ್ಷಣದಲ್ಲಿ ತುಕ್ಕಾಗಿ ತಳ ಸೇರುತ್ತದೆ, ಪಾಚಿಗೆ ದಕ್ಕುವುದಿಲ್ಲ. ಒಂದು ಲೋಟ ನೀರಿಗೆ ಎರಡು ನಿಂಬೆಹಣ್ಣು ಹಿಂಡಿ ಅದರಲ್ಲಿ ಕರಗಿಸಿ ಹಾಕಿ. ಹುಳಿಯ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕೆಂಪುಮಣ್ಣಿನ ಬಾವಿ ನೀರಲ್ಲಿ ಹೇಗೂ ಕಬ್ಬಿಣ ಇದೆಯಲ್ಲ ಅಂತ ಇದನ್ನು ಬಿಡಬೇಡಿ, ಆ ಕಬ್ಬಿಣವೂ ಸೋಡಾ ಬಿದ್ದೊಡನೆ ತಳಕ್ಕೇ ಹೋಗುತ್ತದೆ.

ನೀರು ಬಾವಿಯದಾದರೆ ಒಳ್ಳೆಯದು. ಮಲೆನಾಡಿನ ತೆರೆದ ಬಾವಿಯ ನೀರು ಮೆದು, ಸುಣ್ಣದಂಶ ಕಡಿಮೆ. ಬೋರಿನ ಗಡಸು ನೀರಾದರೆ ಸೋಡಾ ಹಾಕಿದಾಗ ಬಿಳಿ ಗಸಿ ಕೂರುತ್ತದೆ, ತಿಳಿ ನೀರನ್ನು ಬಸಿದುಕೊಳ್ಳಿ. ಪೇಟೆಯ ನಲ್ಲಿ ನೀರನ್ನು ಒಂದು ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರುತ್ತದೆ.

ಬೀಜ ಬಿಡುವುದು

ಒಂದು ಲೀಟರ್ ಬೀಜ ತಂದು 300 ಲೀಟರಿಗೆ ಸುರಿದರೆ ಮುಗಿಯಿತು ಕಥೆ. ತೆಳ್ಳಗಾದ ಪಾಚಿಯನ್ನು ಬಿಸಿಲು ಸುಟ್ಟುಬಿಡುತ್ತದೆ. ಪ್ರತಿ ಸಲ ನಾಲ್ಕೈದು ಪಟ್ಟು ಮಾತ್ರ ಹಿಗ್ಗಿಸಬೇಕು. ಒಂದರಿಂದ ಐದು ಲೀಟರ್ ಕ್ಯಾನು, ಅಲ್ಲಿಂದ 20 ಲೀಟರ್ ಟಬ್ಬು, ಆಮೇಲೆ 80 ಲೀಟರ್, ಕೊನೆಗೆ ತೊಟ್ಟಿ. ನೀರು ಕಡುಹಸಿರಾದ ಮೇಲೆಯೇ ಮುಂದಿನ ಹಂತ. ಒಟ್ಟು ಮೂರು-ನಾಲ್ಕು ವಾರ ಹಿಡಿಯುತ್ತದೆ. ಹೊಸ ನೀರಿಗೆ ಬಿಟ್ಟ ಮೊದಲ ಮೂರು ದಿನ ನೆರಳಿನಲ್ಲಿಡಿ. ಬರೀ ಸೋಡಾ ನೀರಿನ ಪಿಎಚ್ ಎಂಟರ ಆಸುಪಾಸು. ಪಾಚಿ ಅದರಲ್ಲಿರುವ ಇಂಗಾಲ ತಿನ್ನುತ್ತ ಹೋದಂತೆ ಪಿಎಚ್ ತಾನೇ ಮೇಲೇರುತ್ತದೆ. ಹಾಗೆ ಏರುತ್ತಿದ್ದರೆ ಪಾಚಿ ಚೆನ್ನಾಗಿದೆ ಎಂದೇ ಅರ್ಥ.

ದಿನಕ್ಕೆ ನಾಲ್ಕೈದು ಸಲ ಮೆತ್ತನೆಯ ಪೊರಕೆಯಿಂದ ನಿಧಾನ ತಿರುವಿ. ಮಿಕ್ಸರಿನಂಥದ್ದೇನೂ ಬೇಡ, ಸುರುಳಿ ತುಂಡಾಗುತ್ತದೆ.

ಕೊಯ್ಲು

ಹಳೆಯ ಬಿಳಿ ಪಿಂಗಾಣಿ ತಟ್ಟೆಯೊಂದನ್ನು ಕೋಲಿನ ತುದಿಗೆ ಕಟ್ಟಿ, ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿಕೊಳ್ಳಿ. ನೀರಿನಲ್ಲಿ ಇಳಿಸುತ್ತ ಹೋಗಿ. ಎರಡು-ಮೂರು ಸೆಂಟಿಮೀಟರಿಗೇ ತಟ್ಟೆ ಕಾಣದಾದರೆ ಕೊಯ್ಯುವ ಹದ. ನಾಲ್ಕೈದರವರೆಗೆ ಕಂಡರೆ ಇನ್ನೂ ಬೇಡ.

ಬೆಳಿಗ್ಗೆ ಬೇಗ ಕೊಯ್ಯಿರಿ. ರಾತ್ರಿಯಿಡೀ ಪಾಚಿ ತನ್ನ ಸಕ್ಕರೆಯಂಶ ಕರಗಿಸಿಕೊಂಡಿರುವುದರಿಂದ ಪ್ರೋಟೀನಿನ ಪಾಲು ಆಗಲೇ ಹೆಚ್ಚು. ಒಣಗಿಸಲೂ ಇಡೀ ದಿನದ ಬಿಸಿಲು ಸಿಗುತ್ತದೆ. ಮೊದಲು ಸಾದಾ ಜರಡಿಯಲ್ಲಿ ಎಲೆ, ಹುಳ ತೆಗೆಯಿರಿ. ಆಮೇಲೆ 30-50 ಮೈಕ್ರಾನ್ ನೈಲಾನ್ ಬಟ್ಟೆಯಲ್ಲಿ ಸೋಸಿ. ಸೋಸಿದ ನೀರು ವಾಪಸ್ ತೊಟ್ಟಿಗೆ. ಬಟ್ಟೆಯಲ್ಲಿ ಉಳಿದ ಹಸಿರು ಗಂಜಿಯನ್ನು ಪಂಚೆಯ ತುಂಡಿನಲ್ಲಿ ಕಟ್ಟಿ, ಪನ್ನೀರಿಗೆ ಹೇರುವ ಹಾಗೆ ಮೇಲೊಂದು ಕಲ್ಲು ಹೇರಿ. ಬಸಿಯುವ ನೀರು ಬಣ್ಣವಿಲ್ಲದೆ ಬರಬೇಕು. ನೀಲಿಯಾಗಿ ಬಂದರೆ ಪಾಚಿ ಒಡೆಯುತ್ತಿದೆ ಎಂದರ್ಥ, ಒಂದೋ ಹೆಚ್ಚು ಒತ್ತಿದಿರಿ, ಇಲ್ಲವೇ ಪಾಚಿಗೆ ವಯಸ್ಸಾಗಿದೆ. ಸರಿಯಾಗಿ ಹಿಂಡಿದ್ದು ಚಪಾತಿ ಹಿಟ್ಟಿನ ಹಾಗೆ ಕೈಗೆ ಅಂಟದೆ ಮುದ್ದೆಯಾಗುತ್ತದೆ, 100 ಗ್ರಾಂ ಮುದ್ದೆಯಿಂದ 20 ಗ್ರಾಂ ಒಣ ಸರಕು.

ಎರಡು ಚದರ ಮೀಟರಿನ ತೊಟ್ಟಿ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 10ರಿಂದ 14 ಗ್ರಾಂ ಕೊಡುತ್ತದೆ. ಮೂವರಿಗೆ ಸಾಕು, ವ್ಯಾಪಾರಕ್ಕೆ ಸಾಲದು. ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ, ಲೋಹ ಮತ್ತು ಸೂಕ್ಷ್ಮಾಣುಗಳ ಪರೀಕ್ಷೆ ಎಲ್ಲ ಬೇಕಾಗುತ್ತದೆ.

ಕೊಯ್ದಷ್ಟಕ್ಕೆ ಗೊಬ್ಬರ ತಿರುಗಿ ಕೊಡಬೇಕು. ಅರ್ಧ ಕೆಜಿ ಮುದ್ದೆ, ಅಂದರೆ 100 ಗ್ರಾಂ ಒಣ ಲೆಕ್ಕ, ತೆಗೆದ ಮೇಲೆ 70-80 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 5 ಗ್ರಾಂ ಫಾಸ್ಫೇಟ್, 3 ಗ್ರಾಂ ಎಪ್ಸಮ್, ಒಂದು ಚಿಟಿಕೆ ಅನ್ನಭೇದಿ. ಪಿಎಚ್ 10.8 ದಾಟಿದರೆ ಅರ್ಧ ಕೆಜಿ ಸೋಡಾ. ಯೂರಿಯಾ ಅಗ್ಗ, ನಿಜ. ಆದರೆ ಕ್ಷಾರದ ನೀರಿನಲ್ಲಿ ಅದು ಅಮೋನಿಯಾ ಆಗಿ ಒಂದು ಮುಷ್ಟಿ ಹೆಚ್ಚಾದರೂ ತೊಟ್ಟಿ ನಾರುತ್ತದೆ. ನನ್ನ ಎರಡನೇ ಸೋಲು ಅದೇ.

ಒಣಗಿಸುವುದು, ತಿನ್ನುವುದು

ಮುದ್ದೆಯನ್ನು ಹಾಗೇ ಇಟ್ಟರೆ ಬಿಸಿಲುಕಾಲದಲ್ಲಿ ನಾಲ್ಕು ತಾಸಿಗೆ ಮೀನುಪೇಟೆಯ ವಾಸನೆ. ಚಕ್ಕುಲಿ ಒರಳಿಗೆ ಸೇವಿನ ಬಿಲ್ಲೆ ಹಾಕಿ ಜಾಳಿಗೆಯ ಮೇಲೆ ಎಳೆ ಎಳೆಯಾಗಿ ಒತ್ತಿ. ನಮ್ಮ ಆಯಿ ಮೊದಲ ದಿನ ಒರಳು ಕೊಡಲೇ ಒಪ್ಪಲಿಲ್ಲ, ಈಗ ಅವಳೇ ಒತ್ತುತ್ತಾಳೆ, ಎಳೆ ನನ್ನದಕ್ಕಿಂತ ಚೆಂದ ಬರುತ್ತದೆ. ನೇರ ಬಿಸಿಲಿಗೆ ಬಣ್ಣ ಹೋಗುವುದರಿಂದ ಮೇಲೆ ಕಪ್ಪು ಬಟ್ಟೆ ಎತ್ತರಕ್ಕೆ ಕಟ್ಟಿ, ಗಾಳಿ ಆಡಲಿ. ಬಿಸಿ 60 ಡಿಗ್ರಿ ದಾಟಬಾರದು. ಕರಾವಳಿಯ ತೇವದ ಗಾಳಿಯಲ್ಲಿ ಇದೊಂದೇ ಕಷ್ಟ, ಅಕ್ಕ ಟೇಬಲ್ ಫ್ಯಾನ್ ಹಚ್ಚುತ್ತಾಳೆ. ಎಳೆ ಮುರಿದರೆ ಒಣ ಶ್ಯಾವಿಗೆಯ ಹಾಗೆ ಟಕ್ಕೆನ್ನಬೇಕು, ಬಾಗಿದರೆ ಇನ್ನೂ ಒಣಗಬೇಕು. ಗಾಳಿಯಾಡದ ಡಬ್ಬಿಯಲ್ಲಿ ಕತ್ತಲೆಯಲ್ಲಿಡಿ.

ಒಳಗೆ ನೀಲಿ ಉಳಿದಿದೆಯೇ ಎಂದು ನೋಡಲು ಒಂದು ಚಮಚ ಪುಡಿಯನ್ನು ಅರ್ಧ ಲೋಟ ತಣ್ಣೀರಿನಲ್ಲಿ ನೆನೆಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಅಲುಗಿಸದೆ ಮೇಲಿನ ತಿಳಿ ಬಸಿಯಿರಿ. ಬಟ್ಟೆಗೆ ಹಾಕುವ ನೀಲಿಯ ಹಾಗೆ ಸ್ವಚ್ಛ ನೀಲಿ ಬರುತ್ತದೆ. ಲೋಟವನ್ನು ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ಅದೇ ನೀರು ಕೆಂಪಾಗಿ ಹೊಳೆಯುತ್ತದೆ. ಇದೇ ಫೈಕೊಸಯನಿನ್. ನೀರು ಬರೀ ಕಂದಾಗಿ ಬಂದರೆ ಒಣಗಿಸುವಾಗ ಸುಟ್ಟಿದ್ದೀರಿ.

ಬಿಸಿಗೂ ಹುಳಿಗೂ ಈ ನೀಲಿ ತಡೆಯುವುದಿಲ್ಲ. ಹಾಗಾಗಿ ಸಾರಿಗೆ ಹಾಕಿ ಕುದಿಸಬೇಡಿ, ಅಪ್ಪೆಹುಳಿಗಂತೂ ಬೇಡವೇ ಬೇಡ. ಒಂದೆಲಗದ ತಂಬುಳಿಗೆ ಉಣ್ಣುವ ಹೊತ್ತಿಗೆ ಒಂದು ಚಮಚ ಕದಡಿ. ಮೊದಲೇ ಹಸಿರು, ಮೊದಲೇ ಮಣ್ಣಿನ ಪರಿಮಳ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಕಾಯಿಚಟ್ನಿಯೂ ಆದೀತು. ಮೊದಲ ವಾರ ಒಂದು ಗ್ರಾಮಿನಿಂದ ಶುರು ಮಾಡಿ. ಫಿನೈಲ್‌ಕೀಟೊನೂರಿಯಾ, ಅಂದರೆ ಪ್ರೋಟೀನಿನ ಒಂದು ಅಂಶ ಮೈಗೆ ಅರಗದ ಹುಟ್ಟುಕಾಯಿಲೆ, ಇರುವವರು ಮುಟ್ಟಬಾರದು. ಗೌಟ್ ಇರುವವರು, ಬಸುರಿಯರು, ರೋಗನಿರೋಧಕ ಶಕ್ತಿಯ ತೊಂದರೆಗೆ ಔಷಧ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತಿನ್ನಬಾರದು.

ಮಳೆಗಾಲಕ್ಕೆ

ಮೇ ಕೊನೆಗೆ ತೊಟ್ಟಿಯ ಪಾಚಿ ಪೂರ್ತಿ ಸೋಸಿ ಒಣಗಿಸಿ. ಉಳಿದ ನೀರನ್ನು ಅಡಿಕೆ ಬುಡಕ್ಕೆ ಬಿಡಬೇಡಿ, ಸೋಡಾ ಮಣ್ಣು ಕೆಡಿಸುತ್ತದೆ. ಬಾವಿಯ ಹತ್ತಿರವೂ ಬೇಡ, ನೈಟ್ರೇಟ್ ಇಳಿಯುತ್ತದೆ. ಸೋಸುವ ಮೊದಲು ಐದು ಲೀಟರ್ ತಾಯಿಬೀಜ ತೆಗೆದು ಒಂದೊಂದು ಲೀಟರಿನ ಐದು ಬಾಟಲಿಗೆ ಹಂಚಿ, ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಎಲ್‌ಇಡಿ ಟ್ಯೂಬಿನ ಕೆಳಗೆ ಸಾಲಾಗಿಡಿ. ಫ್ರಿಜ್ಜಿಗೆ ಇಡಬೇಡಿ. ದಿನಕ್ಕೆ ಎರಡು ಸಲ ಬಾಟಲಿ ಅಲುಗಿಸಬೇಕು, ತಿಂಗಳಿಗೊಮ್ಮೆ ಅರ್ಧ ಚೆಲ್ಲಿ ಹೊಸ ದ್ರಾವಣ ತುಂಬಬೇಕು. ಕರೆಂಟು ಹೋಗಿ ಮೂರು-ನಾಲ್ಕು ದಿನ ಬಾರದಿದ್ದರೂ ಕತ್ತಲೆಯಲ್ಲಿ ತಡೆದುಕೊಳ್ಳುತ್ತದೆ, ಅಲುಗಿಸುವುದು ತಪ್ಪಬಾರದು ಅಷ್ಟೇ. ಕಳೆದ ಮಳೆಗಾಲದಲ್ಲಿ ನನ್ನ ಐದರಲ್ಲಿ ಎರಡು ಬಾಟಲಿ ಉಳಿದವು. ಒಂದು ತೊಟ್ಟಿಗೆ ಹೋಯಿತು, ಇನ್ನೊಂದನ್ನು ಆಚೆಮನೆ ದೊಡ್ಡಾಯಿಯ ಮೊಮ್ಮಗಳು ಕೇಳಿ ಒಯ್ದಳು.